ಪಾವತಿ ಪುಸ್ತಕದಿಂದ ಶುರು ಮಾಡಿ: ದಾನಿಗಳ ಮಾಹಿತಿ ಕಲೆಹಾಕುವ ತಂಡ ನಡೆಸುವ ಬಗೆ

ಹುಬ್ಬಳ್ಳಿ-ಧಾರವಾಡದ ಯಾವುದೇ ಸೇವಾ ಸಂಸ್ಥೆಗೆ ಹೋಗಿ, ದೇಣಿಗೆ ಕೇಳಬೇಕಾದವರ ಪಟ್ಟಿ ತೋರಿಸಿ ಅನ್ನಿ. ಮೊದಲ ಸಾಲಿನಲ್ಲಿ ಸುಧಾ ಮೂರ್ತಿ, ಎರಡನೇ ಸಾಲಿನಲ್ಲಿ ಉದ್ಯಮಿ ಗುರುರಾಜ ದೇಶಪಾಂಡೆ. ಈ ಎರಡು ಹೆಸರು ಇಲ್ಲದಿದ್ದರೆ ಆ ಪಟ್ಟಿ ಬೇರೆ ಊರಿನವರು ಮಾಡಿದ್ದೇ ಇರಬೇಕು. ಇಬ್ಬರೂ ಈ ಸೀಮೆಯವರು ಹೌದು. ಆದರೆ 2023ರಲ್ಲಿ ನಾನು ನೋಡಿದ ಒಂದು ಪಟ್ಟಿಯಲ್ಲಿ ಸುಧಾ ಮೂರ್ತಿಯವರ ಹೆಸರಿನ ಮುಂದೆ ‘ಅಧ್ಯಕ್ಷರು, ಇನ್ಫೋಸಿಸ್ ಫೌಂಡೇಶನ್’ ಎಂದೇ ಇತ್ತು. ಅವರು ಆ ಹುದ್ದೆಯಿಂದ ನಿವೃತ್ತರಾದದ್ದು 2021ರ ಡಿಸೆಂಬರ್ ಕೊನೆಗೆ. ಅಂದರೆ ಅದನ್ನು ಯಾರೂ ಹುಡುಕಿ ಮಾಡಿರಲಿಲ್ಲ, ಹಳೇ ಪಟ್ಟಿಯನ್ನೇ ನಕಲು ಹೊಡೆದಿದ್ದರು.

ನಾನು ನಡೆಸಿದ ತಂಡದ ಮೊದಲ ವರ್ಷದ ಕತೆಯೂ ಇದಕ್ಕಿಂತ ಚಂದ ಇರಲಿಲ್ಲ. ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ದಲಾಲರ ಬಗ್ಗೆ ನಮ್ಮ ಹುಡುಗರು ಹದಿನಾಲ್ಕು ಪುಟ ಬರೆದರು. ಲಾರಿ ಎಷ್ಟು, ಗೋದಾಮು ಎಷ್ಟು, ಮಗನ ಮದುವೆ ಯಾವ ಕಲ್ಯಾಣ ಮಂಟಪದಲ್ಲಿ ಆಯಿತು, ಎಲ್ಲಾ ಇತ್ತು. ಆ ಲೆಕ್ಕದ ಮೇಲೆ ಹತ್ತು ಲಕ್ಷ ಕೇಳಿದೆವು. ಅವರು ಹನ್ನೊಂದು ಸಾವಿರ ಕೊಟ್ಟು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಲಾರಿಗಳೆಲ್ಲ ಸಾಲದವು ಎಂಬುದು ನಮಗೆ ತಡವಾಗಿ ತಿಳಿಯಿತು. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ: ಅವರ ಹೆಂಡತಿಯವರು ತಾಯಿಯ ನೆನಪಿಗೆ ಆರು ವರ್ಷದಿಂದ ನಮ್ಮ ಹಾಸ್ಟೆಲ್ಲಿನ ಮಕ್ಕಳಿಗೆ ಒಂದು ದಿನದ ಊಟ ಹಾಕಿಸುತ್ತಿದ್ದರು. ತವರಿನ ಅಡ್ಡಹೆಸರಿನಲ್ಲಿ ಪಾವತಿ, ಅಂದರೆ ರಸೀದಿ, ಹರಿದು ಕೊಟ್ಟಿದ್ದೆವು. ನಮ್ಮದೇ ಕಪಾಟಿನಲ್ಲಿ ಆ ಪುಸ್ತಕ ಇತ್ತು.

ಈ ಬರಹದ ಹಂತಗಳೆಲ್ಲ ಆ ಕಪಾಟಿನ ಮುಂದೆ ನಿಂತು ಕಲಿತವು. ರೊಕ್ಕ ಯಾರ ಕಡೆ ಇದೆ ಎಂದು ಪತ್ತೆ ಮಾಡುವುದಕ್ಕೆ ತಂಡ ಬೇಡ, ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಒಂದು ತಾಸು ನಿಂತರೆ ಯಾರಾದರೂ ಹೇಳುತ್ತಾರೆ. ಯಾರ ಮನಸ್ಸು ಯಾವ ಕೆಲಸದ ಮೇಲಿದೆ ಎಂದು ತಿಳಿಯುವುದಕ್ಕೆ ತಂಡ ಬೇಕು.

ಹಂತ 1: ಯಾರಿಗಾಗಿ, ಯಾವ ಕೆಲಸಕ್ಕಾಗಿ

ಹುಡುಕುವ ಮೊದಲು ಕೇಳುವವರು ಯಾರು ಎಂದು ಗೊತ್ತಿರಬೇಕು. ನಮ್ಮ ಕಡೆ ದೊಡ್ಡ ದೇಣಿಗೆ ಕೇಳಲು ಹೋಗುವವರು ಸಾಮಾನ್ಯವಾಗಿ ಟ್ರಸ್ಟಿಗಳು, ಇಲ್ಲವೇ ಮಠದ ಶ್ರೀಗಳ ಮಾತು ತಲುಪಿಸಬಲ್ಲ ಹಿರಿಯರು. ಅವರು ಕಾರಿನಲ್ಲಿ ಕೂತು ಓದುವುದು ಒಂದು ಪುಟ. ನಿಮ್ಮ ತಂಡದ ಕೆಲಸ ಆ ಒಂದು ಪುಟ. ಜೊತೆಗೆ ಈ ವರ್ಷ ಯಾವುದಕ್ಕೆ ಹಣ ಬೇಕು ಎಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ: ಶಾಲೆಯ ಎರಡು ಕೋಣೆಗೋ, ಡಯಾಲಿಸಿಸ್ ಯಂತ್ರಕ್ಕೋ, ವರ್ಷವಿಡೀ ಊಟಕ್ಕೋ. ಊಟಕ್ಕೆ ಕೊಡುವವರು ಬೇರೆ, ಕಟ್ಟಡಕ್ಕೆ ಕೊಡುವವರು ಬೇರೆ. ಇದು ಸ್ಪಷ್ಟವಿಲ್ಲದಿದ್ದರೆ ತಂಡ ವರ್ಷಗಟ್ಟಲೆ ಹೆಸರು ಕೂಡಿಸುತ್ತಲೇ ಇರುತ್ತದೆ.

ಹಂತ 2: ಮೂರು ಜನ ಸಾಕು

ಒಬ್ಬರು ದಾಖಲೆ ನೋಡುವವರು. ಹಳೇ ಪಾವತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಕ್ಸೆಲ್ ಶೀಟು ಬೇಸರವಿಲ್ಲದೆ ತಿರುವಿ ಹಾಕುವ ಸ್ವಭಾವ ಇರಬೇಕು. ಬ್ಯಾಂಕಿನಿಂದ ನಿವೃತ್ತರಾದವರು ಸಿಕ್ಕರೆ ಬಿಡಬೇಡಿ. ಇನ್ನೊಬ್ಬರು ಕಂಪನಿಗಳ ವಾರ್ಷಿಕ ವರದಿ ಓದಬಲ್ಲವರು, ಬಿ.ಕಾಂ. ಮುಗಿಸಿದ ಹುಡುಗ ಅಥವಾ ಹುಡುಗಿಗೆ ಎರಡು ತಿಂಗಳಲ್ಲಿ ಕಲಿಸಬಹುದು. ಮೂರನೆಯವರು ಊರು ಬಲ್ಲವರು. ಅಮರಗೋಳ ಎಪಿಎಂಸಿ, ಗೋಕುಲ ರಸ್ತೆಯ ಕಾರ್ಖಾನೆಗಳು, ಗದಗ-ಬೆಟಗೇರಿಯ ನೇಕಾರಿಕೆ ಮತ್ತು ಮುದ್ರಣದ ಮಂದಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಇವರ ಬಾಯಿಮಾತು ಕಿವಿಗೆ ಬೀಳುವಂಥವರು. ಮೂರನೆಯವರಿಗೆ ಮೊದಲ ದಿನವೇ ಒಂದು ಮಾತು ಹೇಳಿ: ಕೇಳಿಸಿಕೊಂಡು ಬನ್ನಿ, ಕೇಳುತ್ತಾ ಹೋಗಬೇಡಿ. ‘ಅವ್ರ ಕಡೆ ರೊಕ್ಕ ಎಷ್ಟೈತ್ರಿ?’ ಎಂದು ಒಮ್ಮೆ ಬಜಾರದಲ್ಲಿ ಕೇಳಿದರೆ ಸಂಜೆಯೊಳಗೆ ಅದು ಅವರ ಗಾದಿಗೇ ಮುಟ್ಟುತ್ತದೆ.

ತಂಡದವರಿಗೆ ಬಂದ ದೇಣಿಗೆಯ ಮೇಲೆ ಕಮಿಷನ್ ಕೊಡಬೇಡಿ. ಕೊಟ್ಟರೆ ಅವರು ದಾನಿಯ ಕಸುವನ್ನು ಹಿಗ್ಗಿಸಿ ಬರೆಯಲು ಶುರು ಮಾಡುತ್ತಾರೆ. ಸಂಬಳ ಸರಿಯಾಗಿ ಕೊಡಿ, ಅಷ್ಟೇ.

ಹಂತ 3: ಪಾವತಿ ಪುಸ್ತಕ

ಮೊದಲ ಒಂದೂವರೆ ತಿಂಗಳು ಹೊರಗೆ ಒಂದು ಹೆಸರನ್ನೂ ಹುಡುಕಬೇಡಿ. ಕಳೆದ ಹತ್ತು ವರ್ಷದ ಪಾವತಿ ಪುಸ್ತಕಗಳನ್ನು ಟೇಬಲ್ ಮೇಲೆ ಇಳಿಸಿ, ಪ್ರತಿ ಹಾಳೆಯನ್ನೂ ಒಂದು ಸಾಲಾಗಿ ಶೀಟಿಗೆ ಹಾಕಿ: ಹೆಸರು, ಊರು, ಮೊತ್ತ, ತಾರೀಖು, ಯಾವ ಕಾರಣಕ್ಕೆ. ಧೂಳಿನ ಕೆಲಸ, ಹುಡುಗರು ಗೊಣಗುತ್ತಾರೆ. ಗೊಣಗಲಿ.

ಇಲ್ಲಿ ಬರುವ ದೊಡ್ಡ ತೊಡಕು ಹೆಸರಿನದು. ಪಾಟೀಲ, ಹಿರೇಮಠ, ಅಂಗಡಿ, ಕುಲಕರ್ಣಿ, ಬಡಿಗೇರ: ಒಂದೇ ಶೀಟಿನಲ್ಲಿ ನೂರು ಸಿಗುತ್ತಾರೆ. ಒಬ್ಬರೇ ಒಮ್ಮೆ ಪೂರ್ತಿ ಹೆಸರಿನಲ್ಲಿ, ಒಮ್ಮೆ ಇನಿಶಿಯಲ್‌ನಲ್ಲಿ, ಒಮ್ಮೆ ಅಂಗಡಿಯ ಹೆಸರಿನಲ್ಲಿ, ಒಮ್ಮೆ ‘ಹಿತೈಷಿಗಳು’ ಎಂದು ಕೊಟ್ಟಿರುತ್ತಾರೆ. ನಾವು ಹೆಸರಿನ ಜೊತೆ ಮೂರು ಗುರುತು ಹಾಕುತ್ತೇವೆ: ತಂದೆ ಅಥವಾ ಗಂಡನ ಹೆಸರು, ಮೂಲ ಊರು, ಅಂಗಡಿ ಅಥವಾ ನೌಕರಿ. ಇವುಗಳಲ್ಲಿ ಎರಡು ಕೂಡಿದರೆ ಒಬ್ಬರೇ ಎಂದು ಹಿಡಿದು ಸಾಲು ಸೇರಿಸುತ್ತೇವೆ. ಒಂದೇ ಕೂಡಿದರೆ ಸೇರಿಸುವುದಿಲ್ಲ, ಊರು ಬಲ್ಲವರಿಗೆ ತೋರಿಸುತ್ತೇವೆ. ಹೆಂಗಸರ ಹೆಸರಿನಲ್ಲಿ ಬಂದ ಪಾವತಿಗಳಿಗೆ ಬೇರೆ ಬಣ್ಣ ಹಚ್ಚಿ. ತವರಿನ ಹೆಸರು, ಗಂಡನ ಮನೆಯ ಹೆಸರು ಎರಡರಲ್ಲೂ ಹುಡುಕಿ. ನಮ್ಮ ಶೀಟಿನಲ್ಲಿ ತಪ್ಪದೆ ವರ್ಷವರ್ಷ ಕೊಟ್ಟವರಲ್ಲಿ ಹೆಚ್ಚಿನವರು ಹೆಂಗಸರೇ ಇದ್ದರು. ನಾವು ಧನ್ಯವಾದ ಪತ್ರ ಕಳಿಸುತ್ತಿದ್ದದ್ದು ಗಂಡಂದಿರಿಗೆ.

ಮೊತ್ತದ ಕೊನೆಯ ಅಂಕಿಯನ್ನೂ ನೋಡಿ. 501, 1,101, 5,001 ಎಂದರೆ ಅದು ಸಾಮಾನ್ಯವಾಗಿ ಮನೆಯ ಶುಭಕಾರ್ಯದ ಕೊಡುಗೆ, ದಿನ ನೆನಪಿಟ್ಟುಕೊಂಡು ಕೊಟ್ಟದ್ದು. ಕೊನೆಯ ಅಂಕಿ ಏನೇ ಇರಲಿ, ಒಂದೇ ತಿಥಿಗೆ ಮೂರು ವರ್ಷ ಸತತ ಬಂದಿದ್ದರೆ ಅದು ಯಾರದೋ ಪುಣ್ಯತಿಥಿ ಇರಬಹುದು. ಇಂಗ್ಲಿಷ್ ತಾರೀಖು ಪ್ರತಿ ವರ್ಷ ಹಿಂದೆ-ಮುಂದೆ ಆಗುವುದರಿಂದ ಶೀಟಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಪಂಚಾಂಗ ಪಕ್ಕದಲ್ಲಿ ಇಟ್ಟುಕೊಳ್ಳಿ. ಆ ತಿಥಿಗೆ ಒಂದು ವಾರ ಮುಂಚೆ ಮಾಡಿದ ಫೋನ್‌ಗೂ ಸುಮ್ಮನೆ ಒಂದು ದಿನ ಮಾಡಿದ ಫೋನ್‌ಗೂ ಇರುವ ಅಂತರ ನಿಮಗೇ ತಿಳಿಯುತ್ತದೆ.

ಹಂತ 4: ಕಲ್ಲು, ಪತ್ರಿಕೆ, ವರದಿ

ಒಳಗಿನದು ಮುಗಿದ ಮೇಲೆ ಹೊರಗೆ ಹೊರಡಿ. ಈ ಸೀಮೆಯಲ್ಲಿ ದಾನದ ದಾಖಲೆ ಗೋಡೆಯ ಮೇಲೆಯೇ ಇರುತ್ತದೆ. ಶಾಲೆಯ ಕೋಣೆಯ ಬಾಗಿಲ ಮೇಲಿನ ಕಲ್ಲು, ಮಠದ ದಾಸೋಹ ಭವನದ ಫಲಕ, ರುದ್ರಭೂಮಿಯ ಬೆಂಚು. ಹಳೇ ಕಾಲದಿಂದಲೂ ಇಲ್ಲಿನ ಸಂಸ್ಥೆಗಳು ಚಂದಾದಿಂದಲೇ ಎದ್ದು ನಿಂತವು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಾಗ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಊರೂರಿನ ಜನರಿಂದ ಹಣ ಕೂಡಿಸಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಾ ಬಂದದ್ದು ಭಕ್ತರ ಕೊಡುಗೆಯ ಮೇಲೆ. ಇಂಥ ಕಡೆಗಳ ಫಲಕಗಳನ್ನು ಓದಿ. ಯಾರು ಕಟ್ಟಡಕ್ಕೆ ಕೊಟ್ಟರು, ಯಾರು ವಿದ್ಯಾರ್ಥಿವೇತನಕ್ಕೆ ಇಟ್ಟರು, ಯಾರು ತಂದೆಯ ಹೆಸರು ಹಾಕಿಸಿದರು, ಯಾರು ತಮ್ಮದನ್ನೇ ಹಾಕಿಸಿದರು ಎಂಬುದು ಅಲ್ಲೇ ಕಾಣುತ್ತದೆ. ಫೋಟೋ ತೆಗೆಯುವ ಮೊದಲು ಕಚೇರಿಯಲ್ಲಿ ಒಂದು ಮಾತು ಹೇಳಿ.

ಪತ್ರಿಕೆಯ ಸ್ಥಳೀಯ ಪುಟದ ಶ್ರದ್ಧಾಂಜಲಿ, ಹೊಸ ಶೋರೂಮಿನ ಜಾಹೀರಾತು, ನಿವೃತ್ತಿ ಸನ್ಮಾನದ ಸುದ್ದಿ ದಿನವೂ ಓದಿಸಿ. ಹುಬ್ಬಳ್ಳಿಯಲ್ಲಿ 1928ರಿಂದ ಇರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಸಭೆಗಳಲ್ಲಿ ಯಾರು ಯಾವ ವಿಷಯ ಎತ್ತುತ್ತಾರೆ ಎಂದು ಗಮನಿಸಿ. ಸಹಕಾರ ಸಂಘಗಳ ವರದಿಗಳನ್ನು ಜನ ಮರೆಯುತ್ತಾರೆ. 1905ರಲ್ಲಿ ಗದುಗಿನ ಪಕ್ಕದ ಕಣಗಿನಹಾಳದಲ್ಲಿ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ ಸೀಮೆ ಇದು. ಸರ್ವಸಾಧಾರಣ ಸಭೆಗೆ ಅಚ್ಚು ಹಾಕಿಸುವ ಪುಸ್ತಿಕೆಯಲ್ಲಿ ಲಾಭ ಹಂಚಿಕೆಯ ಪಟ್ಟಿ ಇರುತ್ತದೆ, ಧರ್ಮಕಾರ್ಯಕ್ಕೆ ಎತ್ತಿಟ್ಟದ್ದು ಇದ್ದರೆ ಅಲ್ಲೇ ಸಿಗುತ್ತದೆ.

ಪಹಣಿ? ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಯಾರ ಪಹಣಿಯನ್ನಾದರೂ ನೋಡಬಹುದು. ನಮ್ಮ ತಂಡ ನೋಡುವುದಿಲ್ಲ. ಒಬ್ಬರ ಹೊಲದ ಎಕರೆ ಎಣಿಸಿಕೊಂಡು ಅವರ ಮನೆಯಲ್ಲಿ ಚಹಾ ಕುಡಿಯಲು ನನಗೆ ಆಗದು. ಅಲ್ಲದೆ ಎಕರೆ ಎಷ್ಟಿದ್ದರೂ ಆ ವರ್ಷ ಮಳೆ ಆಯಿತೋ ಇಲ್ಲವೋ ಎಂಬುದನ್ನು ಪಹಣಿ ಹೇಳುವುದಿಲ್ಲ.

ಪರದೇಶದಲ್ಲಿರುವ ಹಳೇ ವಿದ್ಯಾರ್ಥಿಗಳ ವಿಷಯದಲ್ಲಿ ಒಂದೇ ಪ್ರಶ್ನೆ ಮೊದಲು: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತೀಯ ಪೌರರಾಗಿಯೇ ಇದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ಮೂಲ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮಗೆ ಆ ನೋಂದಣಿ ಇಲ್ಲದಿದ್ದರೆ ಅಂಥವರ ಫೈಲು ಮಾಡಿ ತಂಡದ ಸಮಯ ಕಳೆಯಬೇಡಿ.

ಹಂತ 5: ಕಂಪನಿಗಳ ಲೆಕ್ಕ

ಇಲ್ಲಿ ಮಾತ್ರ ಲೆಕ್ಕ ಖಚಿತವಾಗಿ ಹಾಕಬಹುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಹಿಂದಿನ ಆರ್ಥಿಕ ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಸರಾಸರಿ ಲಾಭ 12 ಕೋಟಿ ಎಂದುಕೊಳ್ಳಿ, ಶೇ 2 ಅಂದರೆ 24 ಲಕ್ಷ. ಅವರ ಇಡೀ ವರ್ಷದ ಕಡ್ಡಾಯ ಮೊತ್ತ ಅಷ್ಟು. ಅಂಥ ಕಂಪನಿಗೆ ಮೂವತ್ತು ಲಕ್ಷದ ಪ್ರಸ್ತಾವ ಕಳಿಸಿದವರನ್ನು ನಾನು ಬಲ್ಲೆ.

ಇನ್ನೊಂದು ಸೂಕ್ಷ್ಮ: ಈ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಕಡ್ಡಾಯವಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನ ಮಾಡುತ್ತದೆ. ನಮ್ಮ ಭಾಗದ ಮನೆತನದ ಕಂಪನಿಗಳಲ್ಲಿ ಹಾಗಾದರೆ ‘ಸಿಎಸ್‌ಆರ್ ಮ್ಯಾನೇಜರ್’ ಎಂಬುವರನ್ನು ಹುಡುಕಿ ಪ್ರಯೋಜನವಿಲ್ಲ. ನಿರ್ದೇಶಕರಲ್ಲಿ ಅಣ್ಣ ಯಾರು, ತಮ್ಮ ಯಾರು, ಇಂಥ ವಿಷಯದಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಿರಿ. ದೊಡ್ಡ ಕಂಪನಿಯ ಮಾತು ಬೇರೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇದ್ದರೂ ತೀರ್ಮಾನ ಮುಂಬೈ ಅಥವಾ ಪುಣೆಯಲ್ಲಿ ಆಗಬಹುದು, ಇಲ್ಲಿನ ಎಚ್.ಆರ್. ಅಧಿಕಾರಿಯ ಶಿಫಾರಸು ಬಾಗಿಲು ತೆರೆಯುತ್ತದೆ, ಅಷ್ಟೇ. ಕಾರ್ಖಾನೆ ಇರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಕುಮಾರಪಟ್ಟಣದ ಗ್ರಾಸಿಮ್‌ನಂಥ ಕಾರ್ಖಾನೆಯಿಂದ ನಿಮ್ಮ ಊರು ಎಷ್ಟು ಕಿಲೋಮೀಟರ್ ಎಂಬುದನ್ನು ಪುಟದಲ್ಲಿ ಬರೆಯಿರಿ.

ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲಿ ಕಳೆದ ವರ್ಷ ಯಾವ ಜಿಲ್ಲೆಯಲ್ಲಿ, ಯಾವ ಕೆಲಸಕ್ಕೆ, ಯಾರ ಮೂಲಕ ಎಂಬುದನ್ನು ಹಲವು ಕಂಪನಿಗಳು ಬರೆದಿರುತ್ತವೆ. ಮೂರು ವರ್ಷದ್ದು ಓದಿ. ಮೂರೂ ವರ್ಷ ಶಾಲೆಯ ಶೌಚಾಲಯವೇ ಆಗಿದ್ದರೆ ಅವರ ಮುಂದೆ ಸಂಗೀತ ಶಾಲೆಯ ಮಾತು ಎತ್ತಬೇಡಿ. ಮತ್ತೆ, ನಿಮ್ಮ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿದೆಯೇ? 2021ರ ಏಪ್ರಿಲ್‌ನಿಂದ ಅದಿಲ್ಲದೆ ಕಂಪನಿ ನಿಮ್ಮ ಮೂಲಕ ಸಿಎಸ್‌ಆರ್ ಕೆಲಸ ಮಾಡಿಸಲಾಗದು.

ಹಂತ 6: ನಂಟು, ಒಲವು, ಕಸುವು — ಇದೇ ಕ್ರಮದಲ್ಲಿ

ಪ್ರತಿ ಹೆಸರಿಗೂ ಮೂರು ಪ್ರಶ್ನೆ. ನಮಗೂ ಅವರಿಗೂ ನಂಟು ಏನು? ನಮ್ಮ ಕೆಲಸದ ಮೇಲೆ ಒಲವು ಇರುವುದಕ್ಕೆ ಸಾಕ್ಷಿ ಏನು? ಎಷ್ಟು ಕೊಡುವ ಕಸುವು? ಹೊಸ ತಂಡಗಳು ಕೊನೆಯದರಿಂದ ಶುರು ಮಾಡುತ್ತವೆ, ಏಕೆಂದರೆ ಅದಕ್ಕೆ ಮಾತ್ರ ಅಂಕಿ ಸಿಗುತ್ತದೆ. ನಾನು ತಿರುವುಮುರುವು ಮಾಡಿಸುತ್ತೇನೆ: ನಂಟು, ಒಲವು ಎರಡಕ್ಕೂ ಉತ್ತರ ಬರೆಯದೆ ಕಸುವಿನ ಕಾಲಂ ತುಂಬುವಂತಿಲ್ಲ.

ಕಸುವು ಕಣ್ಣಿಗೆ ಕಾಣುವುದೂ ಇಲ್ಲ. ಧಾರವಾಡದ ಮಾಳಮಡ್ಡಿ, ಸಪ್ತಾಪುರದಲ್ಲಿ ಹಳೇ ಸೈಕಲ್ ಇಟ್ಟುಕೊಂಡ ನಿವೃತ್ತ ಮೇಷ್ಟ್ರು ಒಂದು ದಿನ ಬಂದು ವಿದ್ಯಾರ್ಥಿವೇತನಕ್ಕೆ ಠೇವಣಿ ಇಟ್ಟು ಹೋಗುತ್ತಾರೆ. ಸಿರಸಂಗಿ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಉಯಿಲು ಬರೆದು ಮಕ್ಕಳ ವಿದ್ಯೆಗೆ ಬಿಟ್ಟು ಹೋದರು. ಆ ನಿಧಿಯಿಂದ ಓದಿ ಮುಂದೆ ಬಂದವರು ಎಷ್ಟೋ ಜನ. ಹೀಗೆ ಯಾರದೋ ವೇತನದಲ್ಲಿ ಓದಿದವರು ನಿಮ್ಮ ಪಟ್ಟಿಯಲ್ಲಿ ಇದ್ದರೆ ಒಲವಿನ ಕಾಲಮಿನಲ್ಲಿ ಅದನ್ನು ಮೊದಲು ಬರೆಯಿರಿ.

80ಜಿ, ಅಂದರೆ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ಕಲಮು, ಅದರ ಬಗ್ಗೆ ಒಂದು ಎಚ್ಚರಿಕೆ. ‘80ಜಿ ಐತ್ರಿ, ಟ್ಯಾಕ್ಸ್ ಉಳಿತೈತಿ’ ಎಂಬ ಮಾತು ಈಗ ಎಲ್ಲರ ಹತ್ತಿರ ನಡೆಯುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಇಲ್ಲ, 2,000 ರೂಪಾಯಿ ಮೀರಿದ ನಗದಿಗೆ ಹಳೇ ಪದ್ಧತಿಯಲ್ಲೂ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದದ್ದರಿಂದ ಕಲಮಿನ ನಂಬರ್ ಕೂಡ ಬದಲಾಗಿದೆ. ಬಜಾರದ ಬಾಯಲ್ಲಿ ಮಾತ್ರ ಇನ್ನೂ 80ಜಿಯೇ. ಪಾವತಿಯ ಮೇಲೆ ಏನು ಅಚ್ಚಾಗಬೇಕು ಎಂದು ಆಡಿಟರ್ ಹತ್ತಿರ ಕೇಳಿ.

ಹಂತ 7: ಬರೆಯಬಾರದ್ದು

ಜಾತಿಯ ಕಾಲಂ ಬೇಡ. ಇದನ್ನು ಹೇಳಿದಾಗ ನಮ್ಮ ಒಬ್ಬ ಹಿರಿಯ ಟ್ರಸ್ಟಿ ನಕ್ಕರು: ‘ಅಕ್ಕಾರ, ನಮ್ಮ ಕಡೆ ಅದನ್ನ ಬರೀದಿದ್ರ ಗೊತ್ತಾಗಂಗಿಲ್ಲೇನ್ರೀ?’ ಗೊತ್ತಾಗುತ್ತದೆ. ಬರೆದಿಟ್ಟರೆ ತಂಡ ಅದನ್ನೇ ‘ನಂಟು’ ಎಂದು ಹಿಡಿದು ಕೈಕಟ್ಟಿ ಕೂರುತ್ತದೆ, ಅದಕ್ಕೇ ಬೇಡ. ‘ತಾಯಿ ಇದೇ ಶಾಲೆಯಲ್ಲಿ ಟೀಚರ್ ಆಗಿದ್ದರು’ ಎಂಬುದು ನಂಟು. ‘ನಮ್ಮವರು’ ಎಂಬುದು ಅಲ್ಲ.

ಕಾಯಿಲೆ, ಅಣ್ಣತಮ್ಮಂದಿರ ಪಾಲಿನ ಜಗಳ, ಮಕ್ಕಳ ಮದುವೆ ಮುರಿದದ್ದು: ಕಿವಿಗೆ ಬಿದ್ದರೂ ಬರೆಯಬೇಡಿ. ಕೇಳುವ ಸಮಯ ಸರಿಯಲ್ಲ ಎನಿಸಿದರೆ ‘ಈ ವರ್ಷ ಬೇಡ’ ಎಂದಷ್ಟೇ ಬರೆಯಿರಿ, ಕಾರಣ ಬೇಡ. ಪ್ಯಾನ್ ನಂಬರ್ ಲೆಕ್ಕದವರ ಹತ್ತಿರ ಇರಲಿ, ನಿಮ್ಮ ಫೈಲಿನಲ್ಲಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾಯ್ದೆಯ ಮಾತು ಇರಲಿ, ಶೀಟನ್ನು ವಾಟ್ಸಾಪ್ ಗುಂಪಿಗೆ ಹಾಕುವ ಚಟ ಮೊದಲು ಬಿಡಿಸಿ. ಹುಬ್ಬಳ್ಳಿಯಲ್ಲಿ ನಿಮ್ಮ ದಾನಿ ನಿಮ್ಮ ಗುಮಾಸ್ತನ ಸೋದರಮಾವ ಆಗಿರುತ್ತಾರೆ.

ಹಂತ 8: ಒಂದು ಪುಟ

ಮೇಲೆ ಹೆಸರು, ಊರು, ಕಸುಬು. ನಂಟಿಗೆ ಎರಡು ಸಾಲು. ಹಿಂದೆ ಕೊಟ್ಟದ್ದು, ಕಾರಣ ಸಹಿತ. ಯಾವ ಕೆಲಸಕ್ಕೆ, ಎಷ್ಟು, ಯಾರು ಕೇಳಬೇಕು. ಯಾರ ಹೆಸರು ಹಾಕಿಸಬಯಸಬಹುದು. ಕೊನೆಗೆ, ಯಾವ ಮಾತು ಎತ್ತಬಾರದು. ಪ್ರತಿ ಸಂಗತಿಯ ಮುಂದೆ ಎಲ್ಲಿಂದ ಸಿಕ್ಕಿತು, ಯಾವ ತಿಂಗಳು ಎಂದು ಸಣ್ಣಗೆ ಬರೆಯಿರಿ. ವರ್ಷ ದಾಟಿದ ಸಂಗತಿಯನ್ನು ಮತ್ತೆ ನೋಡದೆ ಮುಂದೆ ಕಳಿಸಬಾರದು.

ಹಂತ 9: ಯಾವಾಗ ಕೇಳುವುದು

ತಂಡದ ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಹಾಕಿ. ಬ್ಯಾಡಗಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಆವಕ ಏರಿರುತ್ತದೆ. ಟೆಂಡರ್ ನಡೆಯುವ ಸೋಮವಾರ, ಗುರುವಾರ ಯಾವ ದಲಾಲರಿಗೂ ಫೋನ್ ಮಾಡಬೇಡಿ. ಹಂಗಾಮು ಮುಗಿದು, ಲೆಕ್ಕ ಚುಕ್ತಾ ಆದ ಮೇಲೆ ಹೋಗಿ. ದೀಪಾವಳಿಯಲ್ಲಿ ಅಂಗಡಿಕಾರರು ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುವಾಗ ಸಿಹಿ ತೆಗೆದುಕೊಂಡು ಹೋಗಿ, ಕೇಳಬೇಡಿ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ-ಪ್ರವಚನ ಇರುತ್ತದೆ, ಮನಸ್ಸು ದಾಸೋಹದ ಕಡೆ ಇರುತ್ತದೆ. ಊಟದ ದೇಣಿಗೆಗೆ ಅದೇ ಸಮಯ. ರಂಜಾನ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳು ಕೊಡುವ ಜಕಾತ್ ಉಳಿತಾಯದ ಶೇ 2.5ರ ಲೆಕ್ಕದ್ದು, ಯಾರಿಗೆ ಸಲ್ಲಬೇಕು ಎಂಬುದಕ್ಕೆ ಧರ್ಮದಲ್ಲೇ ಎಂಟು ವರ್ಗಗಳಿವೆ. ಅದನ್ನು ಕಟ್ಟಡಕ್ಕೆ ಕೇಳುವುದು ತಪ್ಪು. ಬಡ ಮಕ್ಕಳ ಫೀಜಿನ ವಿಷಯವಾದರೆ ಅವರನ್ನೇ ಕೇಳಿ, ಸಲ್ಲುತ್ತದೋ ಇಲ್ಲವೋ ಅವರೇ ಹೇಳುತ್ತಾರೆ. ಕಂಪನಿಗಳಿಗೆ ಮಾರ್ಚ್‌ನಲ್ಲಿ ಓಡುವುದು ದಂಡ. ಏಪ್ರಿಲ್‌ನಿಂದ ಜೂನ್ ನಡುವೆ, ವರ್ಷದ ಯೋಜನೆ ಬರೆಯುವಾಗ ಹೋಗಿ.

ಹಂತ 10: ಸೋಮವಾರದ ಅರ್ಧ ತಾಸು

ವಾರಕ್ಕೊಮ್ಮೆ ಅರ್ಧ ತಾಸು, ನಿಂತುಕೊಂಡೇ. ಎಷ್ಟು ಹೆಸರು ಕೂಡಿಸಿದಿರಿ ಎಂದು ಕೇಳಬೇಡಿ, ಎಷ್ಟು ಪುಟ ಟ್ರಸ್ಟಿಗಳ ಕೈಗೆ ಹೋಯಿತು, ಎಷ್ಟು ಭೇಟಿ ಆಯಿತು ಎಂದು ಕೇಳಿ. ಮೂವರು ವಾರಕ್ಕೆ ನಾಲ್ಕು ಒಳ್ಳೆಯ ಪುಟ ಕೊಟ್ಟರೆ ನನಗೆ ಸಾಕು. ಯಾವ ಫೈಲನ್ನು ಮುಚ್ಚಬೇಕು ಎಂದು ತೀರ್ಮಾನಿಸುವುದು ಮುಂದಾಳಿನ ಕೆಲಸ. ಹುಡುಗರಿಗೆ ಮುಚ್ಚಲು ಮನಸ್ಸು ಬರುವುದಿಲ್ಲ, ಇನ್ನೊಂದು ಸಂಗತಿ ಸಿಗಬಹುದು ಎಂದು ಅಗೆಯುತ್ತಲೇ ಇರುತ್ತಾರೆ.

ಟ್ರಸ್ಟಿಗಳು ಭೇಟಿಯ ನಂತರ ವರದಿ ಬರೆಯುವುದಿಲ್ಲ, ಬರೆಯುತ್ತಾರೆಂದು ಕಾಯಬೇಡಿ. ಅದೇ ಸಂಜೆ ಫೋನ್ ಮಾಡಿ: ‘ಸರ, ಏನಂದ್ರು?’ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಇಲ್ಲ’ ಎಂದವರ ಮಾತನ್ನು ಇನ್ನೂ ಎಚ್ಚರದಿಂದ ಬರೆಯಿರಿ. ‘ನೋಡೋಣ ತಗೋರಿ’ ಎಂದರೆ ಇಲ್ಲ. ‘ನಮ್ಮ ತಮ್ಮನ್ನ ಕೇಳ್ತೀನ್ರಿ’ ಎಂದರೆ ನಿಜವಾಗಿ ತಮ್ಮನನ್ನು ಕೇಳಬೇಕು, ಹಾಗಾದರೆ ಆ ಪುಟದಲ್ಲಿ ತಮ್ಮನ ಹೆಸರು ಬರಬೇಕಿತ್ತು, ನಾವು ಬಿಟ್ಟಿದ್ದೇವೆ. ‘ಹೋದ ಸಲ ಕೊಟ್ಟಿದ್ದು ಏನಾತ್ರೀ?’ ಎಂದರೆ ಅದು ತಂಡದ ತಪ್ಪಲ್ಲ, ಸಂಸ್ಥೆಯದು; ಅದನ್ನು ನೇರ ಕಾರ್ಯದರ್ಶಿಯವರ ಟೇಬಲ್ಲಿಗೆ ಕಳಿಸಿ.

ಬ್ಯಾಡಗಿಯ ಆ ಮನೆಯ ಪುಟ ಈಗ ದಲಾಲರ ಹೆಂಡತಿಯವರ ಹೆಸರಿನಲ್ಲಿ, ತವರಿನ ಅಡ್ಡಹೆಸರಿನ ಜೊತೆ ಇದೆ. ಮೊತ್ತದ ಜಾಗ ಖಾಲಿ. ಊಟದ ದಿನ ಅವರು ಬಂದು ಮಕ್ಕಳ ಜೊತೆ ಕೂತು ಉಣ್ಣುತ್ತಾರೆ, ನಮ್ಮವರೊಬ್ಬರು ಪಕ್ಕದಲ್ಲಿ ಇರುತ್ತಾರೆ.